ದೇವರಾಯಿಗೆ ಗಿಡ ಒಯ್ಯುವ ಮುನ್ನ

ಮಳೆಗಾಲ ಹತ್ತಿರವಾದೊಡನೆ ಪುಣೆಯ ಹೌಸಿಂಗ್ ಸೊಸೈಟಿಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದೇ ಮಾತು: ಈ ಭಾನುವಾರ ಗಿಡ ನೆಡಲು ಹೋಗೋಣ. ನಾಲ್ಕು ಕಾರು, ನರ್ಸರಿಯಿಂದ ನೂರಿನ್ನೂರು ಸಸಿ, ಒಂದೇ ಬಣ್ಣದ ಟೋಪಿ, ಫೋಟೊ. ಆರು ವರ್ಷಗಳ ಹಿಂದೆ ನಾವೂ ಹೀಗೆಯೇ ಹೋದವರು. ಧಾರವಾಡ, ವಿಜಯಪುರ, ಶಿರಸಿ ಕಡೆಯಿಂದ ಬಂದು ಪುಣೆಯಲ್ಲಿ ನೆಲೆಸಿದ ಹತ್ತು ಹನ್ನೆರಡು ಮನೆಯವರು ಸೇರಿ, ಅಂಬೇಗಾಂವ್ ತಾಲ್ಲೂಕಿನ ಪಶ್ಚಿಮದ ಅಂಚಿನಲ್ಲಿ ಮಹಾದೇವ ಕೋಳಿ ಬುಡಕಟ್ಟಿನವರ ಒಂದು ಹಳ್ಳಿಯ ಬೋಳುಗುಡ್ಡದಲ್ಲಿ ಇನ್ನೂರು ಸಸಿ ನೆಟ್ಟು ಬಂದೆವು. ಮರುವರ್ಷ ಮೇ ತಿಂಗಳಲ್ಲಿ ಎಣಿಸಿದರೆ ಹದಿನೇಳು ಉಳಿದಿದ್ದವು. ಆ ಹದಿನೇಳರಲ್ಲೂ ಒಂಬತ್ತು ಅಲ್ಲಿ ಇರಬೇಕಾದ ಗಿಡಗಳೇ ಅಲ್ಲ ಎಂದು ಊರಿನ ಆಜಿಯೊಬ್ಬರು ಹೇಳಿ ನಕ್ಕರು. ಮರಾಠಿಯ ಆಜಿ ನಮ್ಮ ಅಜ್ಜಿಯೇ. ನಗುವುದೂ ಹಾಗೆಯೇ, ಸೆರಗಿನ ಮರೆಯಲ್ಲಿ.

ದೇವರ ಹೆಸರಿನಲ್ಲಿ ಊರವರು ಕಾಯ್ದುಕೊಂಡು ಬಂದ ಬನಕ್ಕೆ ಮರಾಠಿಯಲ್ಲಿ ದೇವರಾಯಿ ಎನ್ನುತ್ತಾರೆ. ಅದರ ಅಂಚಿನಲ್ಲಿ ಗಿಡ ನೆಡುವ ಬಗ್ಗೆ ಆ ಬಳಿಕ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಈ ಜೂನ್‌ನಲ್ಲಿ ನೀವೂ ಹೊರಡುವವರಿದ್ದರೆ ಉಪಯೋಗಕ್ಕೆ ಬಂದೀತು.

ದೇವರಾಯಿ ಎಂದರೆ

ಕೊಡಗಿನ ದೇವರಕಾಡು, ಕರಾವಳಿಯ ನಾಗಬನ, ಶಿರಸಿ ಸೀಮೆಯ ಹುಲಿದೇವರ ಬನ ಕಂಡವರಿಗೆ ದೇವರಾಯಿಯನ್ನು ಬಿಡಿಸಿ ಹೇಳಬೇಕಿಲ್ಲ. ಪುಣೆ ಜಿಲ್ಲೆಯ ಪಶ್ಚಿಮಕ್ಕೆ, ಭೋರ್, ಮುಳಶಿ, ಮಾವಳ, ಅಂಬೇಗಾಂವ್, ಜುನ್ನರ್ ತಾಲ್ಲೂಕುಗಳ ಸಹ್ಯಾದ್ರಿಯ ಮಡಿಲಲ್ಲಿ ಇಂಥ ಕಾಡಿನ ತುಣುಕುಗಳು ಇನ್ನೂ ಉಳಿದಿವೆ. ಕೆಲವು ಒಂದು ಅಂಗಳದಷ್ಟು, ಕೆಲವು ಹಲವು ಎಕರೆ. ನಡುವೆ ಸಿಂಧೂರ ಬಳಿದ ಒಂದು ಕಲ್ಲು. ಹೆಸರು ವಾಘಜಾಯಿ, ಕಾಳೂಬಾಯಿ, ಭೈರವನಾಥ ಅಥವಾ ಮ್ಹಸೋಬಾ. 1970ರ ದಶಕದಲ್ಲಿ ಪುಣೆಯವರೇ ಆದ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಮತ್ತು ಸಸ್ಯಶಾಸ್ತ್ರಜ್ಞ ವಿ.ಡಿ. ವರ್ತಕ್ ಈ ಬನಗಳನ್ನು ಹುಡುಕಿಕೊಂಡು ತಿರುಗಿ ಮೊದಲು ವ್ಯವಸ್ಥಿತವಾಗಿ ದಾಖಲಿಸಿದರು. ಗಾಡ್ಗೀಳರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದಶಕಗಳ ಕಾಲ ಇದ್ದುದರಿಂದ ನಮ್ಮಲ್ಲಿ ಬಹಳ ಜನರಿಗೆ ಪರಿಚಿತರು.

ಇಲ್ಲಿ ಮೊದಲು ತಲೆಗೆ ಹೋಗಬೇಕಾದ ಸಂಗತಿ ಒಂದಿದೆ. ಈ ಸೀಮೆಯಲ್ಲಿ ಭತ್ತದ ಸಸಿಮಡಿ ಮಾಡುವಾಗ ಸೊಪ್ಪು, ರೆಂಬೆ, ಸಗಣಿ ಹರಡಿ ಸುಡುತ್ತಾರೆ. ಅದಕ್ಕೆ ರಾಬ್ ಎನ್ನುತ್ತಾರೆ. ರೆಂಬೆ ಬರುವುದು ಹೆಚ್ಚಾಗಿ ಮತ್ತಿ ಮರದಿಂದ. ಬನದ ಗೆರೆಯ ಹೊರಗಿನ ಮತ್ತಿಗಳು ವರ್ಷ ವರ್ಷವೂ ಕೈಕಾಲು ಕಡಿಸಿಕೊಂಡು ಕಂಬದಂತೆ ನಿಂತಿರುತ್ತವೆ. ಹತ್ತು ಹೆಜ್ಜೆ ಒಳಗೆ ಹೋದರೆ ಅದೇ ಮತ್ತಿ, ತಲೆ ಎತ್ತಿ ನೋಡಿದರೆ ತುದಿ ಕಾಣದು. ಗೆರೆಯ ಹೊರಗಿದ್ದರೆ ಸೌದೆ, ಒಳಗಿದ್ದರೆ ದೇವರು. ಗೆರೆಯೊಳಗೆ ಬಿದ್ದ ಒಣಕೊಂಬೆಯನ್ನೂ ಮನೆಗೆ ಒಯ್ಯುವಂತಿಲ್ಲ. ಈ ಕಟ್ಟಳೆಯನ್ನು ಕಾಯುವವರು ಊರಿನವರು. ನೀವು ನೆಟ್ಟ ಗಿಡ ಬದುಕಬೇಕಾದರೆ ಅದು ಆ ಗೆರೆಯೊಳಗೆ ಸೇರಬೇಕು. ಗೆರೆಯನ್ನು ಒಂದಿಷ್ಟು ಹೊರಗೆ ಸರಿಸುವ ಅಧಿಕಾರ ಇರುವುದೂ ಅವರಿಗೇ. ನಮ್ಮದು ಕೈಯಾಳಿನ ಪಾತ್ರ. ಇದು ಒಪ್ಪಿಗೆಯಾಗದವರು ಸೊಸೈಟಿಯ ಕಾಂಪೌಂಡಿನಲ್ಲಿ ನೆಡುವುದೇ ಲೇಸು.

ಮೊದಲ ಸಲ ಬರಿಗೈಯಲ್ಲಿ ಹೋಗಿ

ಸಸಿ, ಗುದ್ದಲಿ, ಬ್ಯಾನರ್ ಏನೂ ಬೇಡ. ಅಂಬೇಗಾಂವ್ ಕಡೆಯಾದರೆ ಮಂಚರ್ ಮೇಲಿಂದ ತಾಲ್ಲೂಕಿನ ಕೇಂದ್ರವಾದ ಘೋಡೆಗಾಂವ್, ಅಲ್ಲಿಂದ ಡಿಂಭೆ ಅಣೆಕಟ್ಟಿನ ಆಚೆಗೆ. ಎಸ್‌ಟಿ ಬಸ್ಸಿನಲ್ಲಿ ಹೋದರೆ ಊರು ಮುಟ್ಟುವ ಮೊದಲೇ ಅರ್ಧ ವಿಷಯ ತಿಳಿದಿರುತ್ತದೆ. ಕಾರಿನಲ್ಲಿ ಹೋದವರನ್ನು ಜನ ಜಮೀನು ಕೊಳ್ಳಲು ಬಂದವರೆಂದು ತಿಳಿಯುತ್ತಾರೆ, ಅದರಲ್ಲಿ ಅವರ ತಪ್ಪಿಲ್ಲ.

ಮೂವರನ್ನು ಕಾಣಬೇಕು. ದೇವರ ಪೂಜೆ ಮಾಡುವವರು; ಗ್ರಾಮಸಭೆಯಲ್ಲಿ ಮಾತು ನಡೆಯುವ ಹಿರಿಯರು; ಕಾಡಿನಿಂದ ಹಿರಡಾ ಆಯುವ ಹೆಂಗಸರು. ಮೂರನೆಯವರನ್ನು ಬಿಟ್ಟರೆ ಕೆಲಸ ಕೆಟ್ಟಂತೆ. ಹಿರಡಾ ಎಂದರೆ ನಮ್ಮ ಅಳಲೆಕಾಯಿ. ಯಾವ ಮರ ಯಾವ ಇಳಿಜಾರಿನಲ್ಲಿದೆ, ಯಾವುದು ಪ್ರತಿವರ್ಷ ಕಾಯಿ ಬಿಡುತ್ತದೆ, ಎಲ್ಲಿ ಮೊದಲು ಇದ್ದ ಮರ ಈಗ ಇಲ್ಲ, ಎಲ್ಲವೂ ಅವರ ನಾಲಗೆಯ ಮೇಲಿದೆ.

ಕೇಳಬೇಕಾದ ಪ್ರಶ್ನೆ ಕೂಡ "ಯಾವ ಗಿಡ ತರೋಣ?" ಅಲ್ಲ. "ನಿಮ್ಮ ಅಜ್ಜನ ಕಾಲದಲ್ಲಿ ಬನ ಎಲ್ಲಿಯವರೆಗೆ ಇತ್ತು?" ಎಂದು ಕೇಳಿ. ನಮಗೆ ಉತ್ತರ ಕೊಟ್ಟ ಹಿರಿಯರು ಕೈಯಲ್ಲಿದ್ದ ಕೋಲಿನಿಂದ ಗುಡ್ಡದ ಒಂದು ಒಣಹಳ್ಳ ತೋರಿಸಿ, "ನೀರು ಎಲ್ಲಿಯವರೆಗೆ ಇತ್ತೋ ಅಲ್ಲಿಯವರೆಗೆ" ಎಂದರು. ನಾವು ನೆಟ್ಟಿದ್ದು ಅದರ ಆಚೆಯ ಮಗ್ಗುಲಿನಲ್ಲಿ, ಊರ ದನ ಮೇಯುವ ಜಾಗದಲ್ಲಿ!

ಸಾತ್‌ಬಾರಾ ನೋಡಿ

ನಮ್ಮ ಪಹಣಿಗೆ ಮಹಾರಾಷ್ಟ್ರದಲ್ಲಿ ಸಾತ್‌ಬಾರಾ ಉತಾರಾ ಎನ್ನುತ್ತಾರೆ. ಬನ ನಿಂತ ನೆಲ ಅರಣ್ಯ ಇಲಾಖೆಯದಿರಬಹುದು, ಗಾಯರಾನ ಅಂದರೆ ಗೋಮಾಳವಿರಬಹುದು, ಯಾರದೋ ಖಾಸಗಿ ಜಮೀನಿರಬಹುದು, ದೇವರ ಹೆಸರಿನಲ್ಲೇ ಇರಬಹುದು. ತಲಾಠಿಯ (ನಮ್ಮ ಗ್ರಾಮ ಲೆಕ್ಕಿಗರ) ಕಚೇರಿಯಲ್ಲೋ ಆನ್‌ಲೈನಿನಲ್ಲೋ ನೋಡಿಕೊಳ್ಳದೆ ಒಂದು ಗುಂಡಿಯನ್ನೂ ತೋಡಬೇಡಿ. ಖಾಸಗಿ ಜಮೀನಾದರೆ ಇಂದಿನ ಒಪ್ಪಿಗೆ ನಾಳೆ ಮಾರಾಟವಾದಾಗ ಉಳಿಯುವುದಿಲ್ಲ.

ಅರಣ್ಯ ಭೂಮಿಯಾಗಿದ್ದರೆ 2006ರ ಅರಣ್ಯ ಹಕ್ಕು ಕಾಯ್ದೆ ನೆನಪಿರಲಿ. ತಾವು ಪರಂಪರೆಯಿಂದ ಕಾಯ್ದುಕೊಂಡು ಬಂದ ಸಾಮುದಾಯಿಕ ಅರಣ್ಯವನ್ನು ರಕ್ಷಿಸುವ, ಮತ್ತೆ ಬೆಳೆಸುವ, ನಿರ್ವಹಿಸುವ ಹಕ್ಕನ್ನು ಅದರ 3(1)(ಐ) ಕಲಮು ಕೊಡುತ್ತದೆ. ಅರ್ಜಿ ಹಾಕುವುದು ಗ್ರಾಮಸಭೆ, ಫಾರ್ಮ್ ಸಿ ಮೂಲಕ. ಅಂಬೇಗಾಂವ್ ಮತ್ತು ಜುನ್ನರ್ ತಾಲ್ಲೂಕುಗಳ ಕೆಲವು ಭಾಗ ಸಂವಿಧಾನದ ಐದನೇ ಅನುಸೂಚಿಯ (ಆದಿವಾಸಿ) ಪ್ರದೇಶವಾದ್ದರಿಂದ ಅಂಥ ಪ್ರದೇಶಗಳ ಪಂಚಾಯತಿಗಳಿಗಾಗಿ ಮಾಡಿದ 1996ರ ಪೆಸಾ ಕಾಯ್ದೆಯೂ ಅನ್ವಯಿಸುತ್ತದೆ, ಗ್ರಾಮಸಭೆಯ ಮಾತಿಗೆ ಅಲ್ಲಿ ಹೆಚ್ಚು ತೂಕ. ಆದಿವಾಸಿ ವಿಕಾಸ ಯೋಜನೆಯ ಕಚೇರಿ ಘೋಡೆಗಾಂವ್‌ನಲ್ಲೇ ಇದೆ. ನಕ್ಷೆ ಮಾಡುವುದು, ಜೆರಾಕ್ಸ್ ತೆಗೆಸುವುದು, ಕಚೇರಿಗೆ ಅಲೆಯುವುದು, ಇಷ್ಟರಲ್ಲಿ ನಗರದವರು ನಿಜಕ್ಕೂ ನೆರವಾಗಬಹುದು. ಭೀಮಾಶಂಕರ ಅಭಯಾರಣ್ಯದ ಗಡಿಯೊಳಗಾದರೆ ಅರಣ್ಯ ಇಲಾಖೆಯ ಲಿಖಿತ ಅನುಮತಿಯಿಲ್ಲದೆ ಕಾಲಿಡಬೇಡಿ.

ಹೆಸರಿನ ಗೊಂದಲ

ನಮ್ಮ ಒಂಬತ್ತು ತಪ್ಪು ಗಿಡಗಳ ಕಥೆ ಇದು. ನರ್ಸರಿಯವರು ಆಪ್ಟಾ ಎಂದು ಕೊಟ್ಟಿದ್ದರು. ಮಹಾರಾಷ್ಟ್ರದಲ್ಲಿ ದಸರೆಯ ದಿನ ಬಂಗಾರವೆಂದು ಕೊಡುವುದು ಆಪ್ಟಾದ ಎಲೆ. ಉತ್ತರ ಕರ್ನಾಟಕದವರು ಅಂದು ಬನ್ನಿ ಕೊಟ್ಟು "ಬನ್ನಿ ತೆಗೆದುಕೊಂಡು ಬಂಗಾರದಂತಿರೋಣ" ಎನ್ನುತ್ತೇವಲ್ಲ, ಅದೇ ರೂಢಿ. ಆದರೆ ಬನ್ನಿ ಎಂದರೆ ಮುಳ್ಳಿರುವ, ಸಣ್ಣ ಸಣ್ಣ ಎಲೆಯ ಶಮೀವೃಕ್ಷ. ಆಪ್ಟಾ ಜೋಡಿ ಎಲೆಯ ಬೇರೆಯೇ ಮರ. ನಮ್ಮವರೊಬ್ಬರು ಎರಡೂ ಒಂದೇ ಎಂದು ವಾದಿಸುತ್ತಿದ್ದರು. ಆಜಿ ನಾವು ನೆಟ್ಟ ಗಿಡದ ಎಲೆಯೊಂದನ್ನು ಕಿತ್ತು ಅಂಗೈ ಮೇಲೆ ಹರಡಿದರು. ಅದು ಅಂಗೈ ತುಂಬಿತು. "ಇದು ಕಾಂಚನ, ಬಾಳಾ. ಹೂವಿಗೆ ಚೆಂದ. ಆಪ್ಟಾದ ಎಲೆ ಎರಡು ಬೆರಳಿಗೆ ಸಾಕು" ಎಂದು ಪಕ್ಕದ ಇಳಿಜಾರಿನಿಂದ ನಿಜವಾದ ಆಪ್ಟಾ ಎಲೆ ತರಿಸಿ ತೋರಿಸಿದರು: ಗಿಡ್ಡ, ಉದ್ದಕ್ಕಿಂತ ಅಗಲವೇ ಹೆಚ್ಚು, ಮುಟ್ಟಿದರೆ ಚರ್ಮದ ಹಾಗೆ ದಪ್ಪ. ದಸರೆಯ ಸಂತೆಯಲ್ಲೂ ಕಾಂಚನದ ಎಲೆಯನ್ನೇ ಆಪ್ಟಾ ಎಂದು ಮಾರುತ್ತಾರೆ, ನೋಡಿಕೊಳ್ಳಿ.

ಆದ್ದರಿಂದ ಗಿಡವನ್ನು ಎರಡು ಭಾಷೆಯಲ್ಲಿ ಕಲಿಯಿರಿ. ಅಳಲೆಗೆ ಹಿರಡಾ, ತಾರೆಗೆ ಬೆಹಡಾ, ಮತ್ತಿಗೆ ಐನ್, ನೇರಳೆಗೆ ಜಾಂಭೂಳ್, ಅತ್ತಿಗೆ ಉಂಬರ್, ಆಲಕ್ಕೆ ವಡ್, ಮುತ್ತುಗಕ್ಕೆ ಪಳಸ್, ಹಾಲೆ ಮರಕ್ಕೆ ಸಾತ್ವಿಣ್. ಗಾಣಗಾಪುರಕ್ಕೆ ನಡೆದುಕೊಳ್ಳುವ ಮನೆಯವರಿಗೆ ಉಂಬರ್ ಔದುಂಬರವೆಂದು ಹೇಳಿಕೊಡುವ ಅಗತ್ಯವಿಲ್ಲ. ಗುಲ್‌ಮೊಹರ್, ಸುಬಾಬುಲ್, ನೀಲಗಿರಿ, ಅಕೇಶಿಯಾ ಯಾರು ಪುಕ್ಕಟೆ ಕೊಟ್ಟರೂ ಬೇಡ. ಪುಣೆಯ ಗುಡ್ಡಗಳ ಮೇಲೆ ಹಬ್ಬಿರುವ ಗೊಬ್ಬರದ ಗಿಡವನ್ನು (ಗ್ಲಿರಿಸಿಡಿಯಾ) ನೋಡಿದರೆ ಏಕೆಂದು ತಿಳಿಯುತ್ತದೆ. ಇಪ್ಪತ್ತೇಳು ಗಿಡ ವೃತ್ತಾಕಾರವಾಗಿ ನೆಟ್ಟು ನಕ್ಷತ್ರವನ ಎನ್ನುವ ಫ್ಯಾಶನ್ ಬಂದಿದೆ. ಉದ್ಯಾನಕ್ಕೆ ಸರಿ, ಅದರಲ್ಲಿ ಅರ್ಧ ಗಿಡಗಳು ಆ ಗುಡ್ಡ ಕಂಡೇ ಇರುವುದಿಲ್ಲ.

ಬೀಜ

ಇಡೀ ಕೆಲಸದಲ್ಲಿ ನನಗೆ ಬಹಳ ಇಷ್ಟವಾದ ಭಾಗ ಇದು, ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ಉತ್ತರ ಕನ್ನಡದ ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ಹಾಲಕ್ಕಿ ಸಮುದಾಯದ ತುಳಸಿ ಗೌಡರನ್ನು ನೆನೆಯದೆ ಬೀಜದ ಮಾತಾಡಲಾಗದು. 2021ರಲ್ಲಿ ಬರಿಗಾಲಿನಲ್ಲಿ ರಾಷ್ಟ್ರಪತಿ ಭವನಕ್ಕೆ ಹೋಗಿ ಪದ್ಮಶ್ರೀ ಪಡೆದ ಅವರು 2024ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಿನಗೂಲಿಯಾಗಿ ಶುರುಮಾಡಿದವರು, ಕಾಡಿನಲ್ಲಿ ತಾಯಿಮರವನ್ನು ಗುರುತಿಸಿ ಸರಿಯಾದ ಹೊತ್ತಿಗೆ ಬೀಜ ಆಯುವುದರಲ್ಲಿ ಎತ್ತಿದ ಕೈ. ಸಹ್ಯಾದ್ರಿಯ ಈ ತುದಿಯಲ್ಲೂ ಅದೇ ವಿದ್ಯೆ ಬೇಕು.

ಅಳಲೆಯ ವಿಷಯದಲ್ಲಿ ಒಂದು ಇಕ್ಕಟ್ಟಿದೆ. ಮಾರುಕಟ್ಟೆಗೆ ಹೋಗುವುದು ಬಾಳ್‌ಹಿರಡಾ, ಅಂದರೆ ಬೇಸಿಗೆಯಲ್ಲಿ ಕಿತ್ತು ಒಣಗಿಸಿದ ಎಳೆಗಾಯಿ. ಬೀಜಕ್ಕೆ ಬೇಕಾದದ್ದು ಮರದಲ್ಲೇ ಬಲಿತು ಚಳಿಗಾಲದಲ್ಲಿ ತಾನಾಗಿ ಉದುರಿದ ಹಣ್ಣು. ಒಂದು ಒಳ್ಳೆಯ ಮರವನ್ನು ಕೀಳದೆ ಬಿಡಿ ಎಂದರೆ ಆ ಮನೆಯ ವರ್ಷದ ಆದಾಯದಲ್ಲಿ ಒಂದು ಪಾಲು ಬಿಡಿ ಎಂದಂತೆ. ನಾವು ಮೂರು ಮರಗಳ ಎಳೆಗಾಯಿಯ ಬೆಲೆಯನ್ನು ಮುಂಗಡವಾಗಿ ಕೊಟ್ಟೆವು, ಆ ವರ್ಷದ ಮಾರುಕಟ್ಟೆಯ ದರಕ್ಕೆ. ಸಸಿಗೆ ಖರ್ಚು ಮಾಡಿದ ಯಾವ ಹಣವೂ ಇಷ್ಟು ಸಾರ್ಥಕವಾಗಿಲ್ಲ.

ಅಳಲೆಯ ಬೀಜದ ಹೊರಚಿಪ್ಪು ಕಲ್ಲು. ಹಾಗೆಯೇ ಹೂತರೆ ಕಾದೂ ಕಾದೂ ಸಾಕಾಗುತ್ತದೆ. ತಿರುಳು ಬಿಡಿಸಿ, ಬೀಜದ ಅಗಲವಾದ ತುದಿಯನ್ನು ಒಳಗಿನ ಮೊಳಕೆಗೆ ಏಟಾಗದಂತೆ ಚೂರೇ ಕತ್ತರಿಸಿ, ತಣ್ಣೀರಿನಲ್ಲಿ 36 ಗಂಟೆ ನೆನೆಸಿ ಬಿತ್ತಬೇಕು. ಕತ್ತರಿಸಲು ನಾವು ಅಡಿಕೆ ಕತ್ತರಿ ತೆಗೆದುಕೊಂಡು ಹೋಗಿದ್ದೆವು, ಶಿರಸಿಯವರ ಮನೆಯದು. ಊರಿನ ಹುಡುಗಿಯರು ಅದನ್ನು ಒಮ್ಮೆ ನೋಡಿ, ಕಲ್ಲಿನ ಮೇಲೆ ಬೀಜ ಇಟ್ಟು ಕುಡುಗೋಲಿನ ಹಿಂಬದಿಯಿಂದ ಒಂದೇ ಏಟಿಗೆ ಆ ತುದಿಯನ್ನಷ್ಟೇ ಹಾರಿಸಿದರು. ನಾವು ಹತ್ತು ಬೀಜ ಮುಗಿಸುವಷ್ಟರಲ್ಲಿ ಅವರ ಬುಟ್ಟಿ ಖಾಲಿ.

ನೇರಳೆಯದು ತದ್ವಿರುದ್ಧ ಸ್ವಭಾವ. ಜೂನ್‌ನಲ್ಲಿ ಹಣ್ಣು ತಿಂದ ಕೂಡಲೇ ಬಿತ್ತಬೇಕು, ಎರಡು ವಾರ ಡಬ್ಬಿಯಲ್ಲಿಟ್ಟರೆ ಹುಟ್ಟುವುದು ಸಂಶಯ. ಕಾಡುಮಾವು, ಹಲಸು, ಹಿಪ್ಪೆಯೂ ಹಾಗೆಯೇ. ಆಪ್ಟಾ ಬೀಜವನ್ನು ಕುದಿಸಿ ಇಳಿಸಿದ ನೀರಿನಲ್ಲಿ ಹಾಕಿ ರಾತ್ರಿಯಿಡೀ ಬಿಡಿ. ಆಲ, ಅತ್ತಿಗೆ ಬೀಜದ ಗೊಡವೆ ಬೇಡ. ಮಣಿಕಟ್ಟಿನಷ್ಟು ದಪ್ಪದ ಕೊಂಬೆಯನ್ನು ಮೊದಲ ಮಳೆಗೆ ಊರಿದರೆ ಚಿಗುರುತ್ತದೆ. ಕಡಿದಾದ ಇಳಿಜಾರಿನಲ್ಲಿ ಮಾತ್ರ ಕೊಂಬೆಯಿಂದ ಬಂದ ಮರಕ್ಕೆ ತಾಯಿಬೇರು ಇರುವುದಿಲ್ಲವೆಂಬುದು ನೆನಪಿರಲಿ. ಅಲ್ಲಿಗೆ ಹಕ್ಕಿ ಹಿಕ್ಕೆಯಿಂದ ಗೋಡೆಯ ಸಂದಿನಲ್ಲಿ ಹುಟ್ಟಿದ ಮರಿಗಳನ್ನು ಕಿತ್ತು ತಂದು ಚೀಲದಲ್ಲಿ ಬೆಳೆಸಿ ನೆಡಿ. ಪುಣೆಯ ಹಳೆಯ ವಾಡೆಗಳ ಗೋಡೆಗಳಲ್ಲಿ ಆಲದ ಮರಿಗೆ ಬರವಿಲ್ಲ. ಆದರೆ ಬನದ ಸುತ್ತಲೇ ಸಿಕ್ಕರೆ ಅದೇ ಮೇಲು.

ನರ್ಸರಿ ಹಳ್ಳಿಯಲ್ಲೇ ಇರಲಿ. ನಾವು ಮೊದಲು ಬನದ ಮಣ್ಣನ್ನು ಪುಣೆಗೆ ತಂದು ಬಾಲ್ಕನಿಯಲ್ಲಿ ಸಸಿ ಮಾಡುವ ಹಂಚಿಕೆ ಹಾಕಿದ್ದೆವು, ಹಳೆಯ ಮರದ ಬುಡದ ಮಣ್ಣಿನಲ್ಲಿ ಬೇರಿಗೆ ನೆರವಾಗುವ ಶಿಲೀಂಧ್ರ ಇರುತ್ತದೆ ಎಂದು. ಪೂಜಾರಿ ತಲೆಯಾಡಿಸಿಬಿಟ್ಟರು: ಗೆರೆಯೊಳಗಿನದು ಎಲೆಯೂ ಹೊರಗೆ ಹೋಗುವುದಿಲ್ಲ, ಮಣ್ಣೂ ಇಲ್ಲ. ಹೊರಗೆ ಉರುಳಿ ಬಂದ ಬೀಜ ನಿಮ್ಮದು. ಕೊನೆಗೆ ಮೂವರು ಹೆಂಗಸರು ತಮ್ಮ ಹಿತ್ತಿಲಲ್ಲಿ ಸಸಿ ಮಾಡುತ್ತಾರೆ, ನಾವು ಸಸಿಗಿಷ್ಟು ಎಂದು ಕೊಳ್ಳುತ್ತೇವೆ ಎಂದಾಯಿತು.

ನೆಡುವುದು

ಗುಂಡಿ ಏಪ್ರಿಲ್–ಮೇ ತಿಂಗಳಲ್ಲೇ ಆಗಲಿ, ಒಂದೂವರೆ ಅಡಿ ಉದ್ದ, ಅಗಲ, ಆಳ. ಬಿಸಿಲಿಗೆ ಮಣ್ಣು ಕಾಯಬೇಕು. ನೆಲ ಚೆನ್ನಾಗಿ ನೆಂದ ಮೇಲೆ, ಜೂನ್ ಕೊನೆಯಿಂದ ಜುಲೈ ಮಧ್ಯದೊಳಗೆ ನೆಟ್ಟು ಮುಗಿಸಿ. ಆಗಸ್ಟ್ ಹದಿನೈದರ ಧ್ವಜವಂದನೆಗೆ ನೆಟ್ಟ ಗಿಡಕ್ಕೆ ಬೇರು ಬಿಡಲು ಎಷ್ಟು ಮಳೆ ಉಳಿದಿರುತ್ತದೆ ಹೇಳಿ.

ಯಂತ್ರ ಮಾತ್ರ ತರಿಸಬೇಡಿ. ಇದೇ ಅಂಬೇಗಾಂವ್ ತಾಲ್ಲೂಕಿನ ಮಾಳಿಣ್ ಗ್ರಾಮ 2014ರ ಜುಲೈ 30ರ ಬೆಳಿಗ್ಗೆ ಗುಡ್ಡ ಕುಸಿದು ಮಣ್ಣಿನಡಿ ಹೋಯಿತು. ನೂರೈವತ್ತರಷ್ಟು ಜನ ಸತ್ತರು. ಆ ಸೀಮೆಯಲ್ಲಿ ಜೆಸಿಬಿಯ ಸದ್ದು ಕೇಳಿದರೆ ಮುಖಗಳು ಬದಲಾಗುತ್ತವೆ. ಕಡಿದಾದ ಕಡೆ ಸಾಲುಗುಂಡಿಯೂ ಬೇಡ, ಬೀಜ ಊರಿ ಬಿಡಿ.

ಇನ್ನೊಂದು ತಪ್ಪು ಎಲ್ಲರೂ ಮಾಡುವಂಥದ್ದು: ಜಾಗ "ಸ್ವಚ್ಛ" ಮಾಡುವುದು. ನಾವು ಮೊದಲ ವರ್ಷ ಕವಳಿಯ ಮುಳ್ಳುಪೊದೆಗಳನ್ನೆಲ್ಲ ಸವರಿ ಸಾಲಾಗಿ ನೆಟ್ಟಿದ್ದೆವು. ದನಗಳಿಗೆ ಬಾಳೆಲೆ ಹಾಕಿ ಬಡಿಸಿದಂತಾಯಿತು. ಈಗ ಕವಳಿ ಪೊದೆಯ ಒಳಗೆ ಕೈತೂರಿಸಿ, ಗೀರಿಸಿಕೊಂಡು, ಅದರ ನಡುವಿಗೇ ಸಸಿ ಇಡುತ್ತೇವೆ. ಬೇಸಿಗೆಯಲ್ಲಿ ನೆರಳು, ದನದಿಂದ ಕಾವಲು, ಎರಡೂ ಪುಕ್ಕಟೆ. ಪೊದೆಯಿಲ್ಲದ ಕಡೆ ಒಣಗಿದ ಕಾರ್ವಿ ಕಡ್ಡಿಗಳ ಬೇಲಿ. ಕಾರ್ವಿ ಎಂಟು ವರ್ಷಕ್ಕೊಮ್ಮೆ ಗುಡ್ಡವೆಲ್ಲ ನೇರಳೆಯಾಗಿ ಹೂಬಿಟ್ಟು ಸಾಯುವ ಗಿಡ. ಸತ್ತ ಕಡ್ಡಿಗಳಿಂದ ಇಲ್ಲಿನವರು ಮನೆಯ ತಡಿಕೆ ಗೋಡೆ ಕಟ್ಟುತ್ತಾರೆ.

ಬನಕ್ಕೆ ತಾಗಿದ ಅಂಚಿನಿಂದ ಶುರುಮಾಡಿ ಹೊರಕ್ಕೆ ಬನ್ನಿ. ಗುಡ್ಡದ ನಡುವೆ ದ್ವೀಪದಂತೆ ನೆಡಬೇಡಿ. ಭೀಮಾಶಂಕರದ ಶೇಕರು, ನಮ್ಮ ಕೆಂದಳಿಲು, ಮರದಿಂದ ಮರಕ್ಕೆ ಹೋಗುವ ಪ್ರಾಣಿ. ಕೊಂಬೆ ಕೊಂಬೆ ತಾಗಿದ್ದರೆ ಅದಕ್ಕೆ ದಾರಿ. ಬನದ ಒಳಗಂತೂ ಏನನ್ನೂ ನೆಡುವ ಕೆಲಸವಿಲ್ಲ.

ದನ, ಬೆಂಕಿ, ಸಿಮೆಂಟು

ಗಿಡ ಸಾಯುವುದು ಹೆಚ್ಚಾಗಿ ನೀರಿಲ್ಲದೆ ಅಲ್ಲ, ಬಾಯಿಯಿಂದ ಮತ್ತು ಬೆಂಕಿಯಿಂದ. ಚರಾಯಿಬಂದಿ, ಕುರ್‍ಹಾಡಬಂದಿ ಎಂಬ ಎರಡು ಮರಾಠಿ ಮಾತು ಕಲಿತುಕೊಳ್ಳಿ: ಮೇಯಿಸುವುದಕ್ಕೆ ತಡೆ, ಕೊಡಲಿಗೆ ತಡೆ. ಇವನ್ನು ನೀವು ಹೇರಲಾರಿರಿ. ಗ್ರಾಮಸಭೆ ನಿರ್ಣಯ ಮಾಡಿ, ದೇವರ ಮುಂದೆ ತೆಂಗಿನಕಾಯಿ ಒಡೆದರೆ ಮಾತ್ರ ನಡೆಯುತ್ತದೆ. ನಮ್ಮ ಊರಿನವರು ಗೆರೆಯನ್ನು ಒಣಹಳ್ಳದವರೆಗೆ ಸರಿಸಿ, ಹೊಸ ಅಂಚಿನಲ್ಲಿ ನಾಲ್ಕು ಕಲ್ಲುಗಳಿಗೆ ಸಿಂಧೂರ ಬಳಿದರು. ಅಂದಿನಿಂದ ಆ ಕಡೆ ಒಂದು ಎಮ್ಮೆಯೂ ಬಂದಿಲ್ಲ. ಮುಳ್ಳುತಂತಿಗೆ ನಾವು ಕೂಡಿಸಿದ್ದ ಹಣ ಉಳಿಯಿತು. ಆದರೆ ಮೇವಿನ ಜಾಗ ಹೋದದ್ದು ಹೋಯಿತಲ್ಲ. ಹಾಗಾಗಿ ಹೊಸ ಗೆರೆಯೊಳಗಿನ ಹುಲ್ಲನ್ನು ಅಕ್ಟೋಬರ್ ನಂತರ ಕೊಯ್ದು ಒಯ್ಯಲು ಎಲ್ಲ ಮನೆಗೂ ಸರದಿ ಇದೆ. ಒಣಹುಲ್ಲು ಹೋದರೆ ಬೆಂಕಿಗೂ ಮೇವಿಲ್ಲ.

ಬೆಂಕಿಗೆರೆಗೆ ಇಲ್ಲಿ ಜಾಳರೇಷಾ ಎನ್ನುತ್ತಾರೆ. ಜನವರಿ ಮುಗಿಯುವುದರೊಳಗೆ ಹೊಸ ನೆಡುತೋಪಿನ ಸುತ್ತ ಹತ್ತಡಿ ಅಗಲಕ್ಕೆ ಹುಲ್ಲು, ತರಗೆಲೆ ಕೆರೆದು ಮಣ್ಣು ಕಾಣುವಂತೆ ಮಾಡಬೇಕು. ಬೆವರು ಸುರಿಸುವ ಆಸೆಯಿದ್ದವರು ಜುಲೈ ಬಿಟ್ಟು ಜನವರಿಯಲ್ಲಿ ಬನ್ನಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಬರುವವರು ಕಡಿಮೆ. ಜನವರಿಯ ಫೋಟೊದಲ್ಲಿ ಹಸಿರು ಇರುವುದಿಲ್ಲ, ನೋಡಿ.

ಸಿಮೆಂಟಿನ ಮಾತು ಸೂಕ್ಷ್ಮ. ಬಯಲಲ್ಲಿದ್ದ ಕಲ್ಲಿಗೆ ಆರ್‌ಸಿಸಿ ಗುಡಿ, ಟೈಲ್ಸು, ಗುಡಿಯ ಖರ್ಚಿಗೆ ಬನದ ಎರಡು ಮರ; ದೇವರಾಯಿಗಳು ಸವೆದದ್ದು ಹೀಗೆಯೂ ಹೌದು. ಜೀರ್ಣೋದ್ಧಾರಕ್ಕೆ ದೇಣಿಗೆ ಕೇಳಿದರೆ ಇಲ್ಲ ಎನ್ನುವುದು ಕಷ್ಟ. ನಾವು ಗುಡಿಗೆ ಕೊಡದೆ ನೀರಿನ ಟಾಕಿಗೆ ಕೊಟ್ಟೆವು. ಅದರಿಂದ ಎರಡು ಬೇಸಿಗೆ ಸಸಿಗಳ ಬುಡದ ಮಡಕೆಗಳಿಗೂ ನೀರಾಯಿತು.

ಲೆಕ್ಕ ಮತ್ತು ನಡವಳಿಕೆ

ಕೆಲಸ ಮಾಡಿದವರಿಗೆ ಕೂಲಿ ಕೊಡಿ. ಶ್ರಮದಾನ ನಿಮ್ಮದು, ಅವರದು ದಿನದ ದುಡಿಮೆ. ಊಟ ಅವರ ಮನೆಯಲ್ಲೇ ಕೇಳಿ ಮಾಡಿಸಿ. ನಾಚಣಿ ಭಾಕರಿ, ಪಿಠ್ಲೆ, ಮೆಣಸಿನಕಾಯಿ ಠೇಚಾ. ವಿಜಯಪುರದವರು ಇಲ್ಲೂ ಜೋಳದ ಭಕ್ಕರಿ ಹುಡುಕುತ್ತಾರೆ, ಅವರ ವಿಷಯ ಬಿಡಿ. ದೇವರ ಕಲ್ಲಿನ ಫೋಟೊ ಕೇಳದೆ ತೆಗೆಯಬೇಡಿ. ಹೆಸರು ಬರೆದ ಫಲಕ ಹಾಕಬೇಡಿ.

ಪ್ರತಿ ಸಸಿಯ ಪಕ್ಕ ಒಂದು ಬಿಳಿ ಬಣ್ಣದ ಕಲ್ಲು ಇಟ್ಟು, ಮೇ ಕೊನೆಯ ವಾರ ಎಣಿಸಿ. ಆಗಸ್ಟ್‌ನಲ್ಲಿ ಎಣಿಸಿದರೆ ಎಲ್ಲವೂ ಬದುಕಿರುತ್ತವೆ. ಮೂರು ಮೇ ದಾಟಿದ್ದು ಮಾತ್ರ ಲೆಕ್ಕಕ್ಕೆ.

ಪ್ರತಿ ಮಳೆಗಾಲಕ್ಕೆ ಮೊದಲು ಕೌಲ್ ಕೇಳುವ ಪದ್ಧತಿಯಿದೆ, ನಮ್ಮಲ್ಲಿ ಹೂಪ್ರಸಾದ ಕೇಳುವ ಹಾಗೆ. ನೀರಿನಲ್ಲಿ ಅದ್ದಿದ ಹೂವನ್ನು ದೇವರ ಕಲ್ಲಿನ ಎರಡು ಬದಿಗೂ ಅಂಟಿಸಿ, ಈ ವರ್ಷ ಇಂಥ ಇಳಿಜಾರಿನಲ್ಲಿ ನೆಡಬಹುದೇ ಎಂದು ಪೂಜಾರಿ ಕೇಳುತ್ತಾರೆ. ಬಲಗಡೆಯದು ಮೊದಲು ಬಿದ್ದರೆ ಒಪ್ಪಿಗೆ. ಕಳೆದ ವರ್ಷ ಮುಕ್ಕಾಲು ಗಂಟೆ ಕುಳಿತೆವು, ಮಳೆ ಎಲೆಗಳ ಮೇಲೆ ಬೀಳುವ ಸದ್ದು ಬಿಟ್ಟರೆ ಬೇರೇನಿಲ್ಲ. ಬಿದ್ದದ್ದು ಎಡಗಡೆಯದು. ನಮ್ಮ ಎಂಜಿನಿಯರ್ ಗೆಳೆಯರೊಬ್ಬರು ಗಾಳಿಯ ದಿಕ್ಕಿನ ವಿಷಯ ತೆಗೆಯುವವರಿದ್ದರು, ಆಜಿ ಅವರ ಕಡೆ ಒಮ್ಮೆ ನೋಡಿದರು, ಸುಮ್ಮನಾದರು. ನೂರನಲವತ್ತು ಅಳಲೆ ಸಸಿಗಳು ಇನ್ನೂ ಹಿತ್ತಿಲ ನರ್ಸರಿಯಲ್ಲೇ ಇವೆ. ದೊಡ್ಡ ಚೀಲಕ್ಕೆ ಬದಲಾಯಿಸಿದ್ದೇವೆ. ಈ ತಿಂಗಳ ಮೂರನೆಯ ಶನಿವಾರ ಅವಕ್ಕೆ ನೀರು ಹಾಕುವ ಸರದಿ ನನ್ನದು. ಬಸ್ಸಿನಲ್ಲಿ ಇನ್ನೊಂದು ಸೀಟು ಹಿಡಿಯಬಲ್ಲೆ.